ಹೊರಗಿನ ಚಿಲಕ

ಯಾರನ್ನೂ ಯಾವತ್ತೂ ಹೊರಗಿನಿಂದ ಕೂಡಿಹಾಕುವುದಿಲ್ಲ ಎಂದು ಅಣ್ಣನಿಗೆ ಮಾತು ಕೊಟ್ಟಾಗ ಅವಳಿಗೆ ಹತ್ತೊಂಬತ್ತು. ಕೊಟ್ಟದ್ದು ಮೂರನೆಯ ಮಹಡಿಯ ಕೋಣೆಯ ಹೊಸ್ತಿಲಲ್ಲಿ, ಕಳಚಿದ ಬಾಗಿಲನ್ನು ಗೋಡೆಗೊರಗಿಸಿ ಅಣ್ಣ ಕೈಯ ಧೂಳು ಕೊಡವಿಕೊಳ್ಳುತ್ತಿದ್ದಾಗ. ಯಂತ್ರಗಳ ಓದಿಗೆಂದು ಬೇರೆ ಊರಿಗೆ ಹೋಗುತ್ತೇನೆಂದು ಹಟ ಹಿಡಿದವಳನ್ನು ಅಪ್ಪ ಆ ಕೋಣೆಗೆ ದೂಡಿ, ಹೊರಗಿನ ಚಿಲಕ ಎಳೆದು ಬೀಗ ಜಡಿದಿದ್ದರು. ಜಡಿಯುವಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿತ್ತು. 'ನಿನ್ನ ಒಳ್ಳೇದಕ್ಕೇ ಕಣೇ' ಎಂದಿದ್ದರು. ಅಪ್ಪ ಹೊರಗೆ ಹೋದ ಹೊತ್ತು ನೋಡಿ ಅಣ್ಣ ಹೊಲಿಗೆ ಮಷೀನು ಬಿಚ್ಚುವ ಸಣ್ಣ ಸ್ಕ್ರೂಡ್ರೈವರ್ ಹಿಡಿದು ಬಂದ. ಬೀಗವನ್ನು ಮುಟ್ಟಲೇ ಇಲ್ಲ. ಬಾಗಿಲಿನ ಕೀಲುಗಳ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ, ಅವು ಕಳೆದುಹೋಗದ ಹಾಗೆ ತುಟಿಗಳ ನಡುವೆ ಕಚ್ಚಿಕೊಂಡು, ಬೀಗ ಚಿಲಕಗಳ ಸಮೇತ ಇಡೀ ಬಾಗಿಲನ್ನೇ ಎತ್ತಿ ಪಕ್ಕಕ್ಕಿಟ್ಟ. 'ಬೀಗ ಅಪ್ಪಂದು, ಅವರ ಹತ್ರಾನೇ ಇರಲಿ' ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, ಅವಳನ್ನು ಮುದ್ದಿಗೆ ಕರೆಯುವ ಹೆಸರಲ್ಲೇ, 'ನೋಡು ಇಲಿ, ನಿನ್ನ ಕೈಗೂ ಒಂದಿನ ಬೀಗ ಬರುತ್ತೆ. ಎಲ್ಲರ ಕೈಗೂ ಬರುತ್ತೆ. ಆವತ್ತು ಯಾರನ್ನೂ ಹೊರಗಿಂದ ಕೂಡಿಹಾಕಬೇಡ. ಒಳ್ಳೇದಕ್ಕಂತೂ ಬೇಡವೇ ಬೇಡ' ಎಂದ. 'ಇಲ್ಲಣ್ಣ, ಯಾವತ್ತೂ ಇಲ್ಲ' ಎಂದಳು ಅವಳು, ಬ್ಯಾಗಿಗೆ ಬಟ್ಟೆ ತುರುಕುತ್ತ. ಆ ವಯಸ್ಸಿನಲ್ಲಿ ಮಾತು ಕೊಡುವುದು ಎಷ್ಟು ಹಗುರ.

ಈಗ ಬಸ್ಸು ಹೊರಳಿದಾಗಲೆಲ್ಲ ಮಡಿಲಲ್ಲಿದ್ದ ಬ್ಯಾಗಿನೊಳಗೆ ಇಲಾಖೆಯ ಬೀಗ ಅವಳ ಮೊಣಕಾಲಿಗೆ ಬಡಿಯುತ್ತಿತ್ತು. ಟಾರ್ಚು, ಅಳತೆಯ ಪಟ್ಟಿ, ಉಕ್ಕಿನ ಹಗ್ಗ ಒರೆಸಿ ನೋಡುವ ಬಿಳಿ ಬಟ್ಟೆ, ಬೀಗ. ಲಿಫ್ಟ್ ಇನ್‌ಸ್ಪೆಕ್ಟರಿನ ಬ್ಯಾಗಿನಲ್ಲಿ ಇದಕ್ಕಿಂತ ಹೆಚ್ಚೇನೂ ಇರುವುದಿಲ್ಲ, ಆದರೂ ಅದನ್ನು ಕಂಡ ಕಟ್ಟಡದ ಮಾಲೀಕರ ಮುಖ ಬಿಳಿಚಿಕೊಳ್ಳುವುದನ್ನು ಅವಳು ಎಷ್ಟೋ ವರ್ಷಗಳಿಂದ ನೋಡುತ್ತ ಬಂದಿದ್ದಳು. ಮೊದಮೊದಲು ಅದರಿಂದ ನಾಚಿಕೆಯಾಗುತ್ತಿತ್ತು. ಆಮೇಲಾಮೇಲೆ ನಾಚಿಕೆಯಾಗದೆ ಹೋದದ್ದು ಯಾವಾಗಿನಿಂದ ಎಂದು ಯೋಚಿಸಿದರೆ ನೆನಪಾಗುವುದಿಲ್ಲ. ಬೆಳಿಗ್ಗೆ ತಿಂಡಿಯ ತಟ್ಟೆಯ ಮುಂದೆ ಕೂತ ಮಗಳು, ಯಾವುದೋ ಸಿನಿಮಾದ ವಿಷಯ ಹೇಳುವ ಹಾಗೆ, 'ನಿನ್ನೆ ಮಾಮನ ಲಿಫ್ಟು ಧಡ್ ಅಂತ ಒಂದು ಗೇಣು ಕೆಳಗೆ ಜಾರಿಬಿಡ್ತಮ್ಮ. ಆಮೇಲೆ ತಾನೇ ನಿಂತ್ಕೊಳ್ತು. ಭೂಮಿಗೆ ನಮ್ಮನ್ನ ಕಂಡ್ರೆ ಆಸೆ ಜಾಸ್ತಿ ಅಂದ ಮಾಮ' ಎಂದು ಕಿಸಿಕಿಸಿ ನಕ್ಕಿದ್ದಳು. ಇವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತ್ತು. 'ನೀನು ಆ ಲಿಫ್ಟು ಹತ್ತಿದ್ಯಾ?' 'ಎಲ್ಲರೂ ಹತ್ತುತ್ತಾರೆ. ಹತ್ತುವವರು ಅವರವರ ಹೊಣೆಯ ಮೇಲೆ ಅಂತ ಬೋರ್ಡೇ ಹಾಕಿದ್ದಾನಲ್ಲ.' 'ನಿನಗಿನ್ನೂ ಹದಿನಾರು. ನಿನ್ನ ಹೊಣೆ ನಂದು.' 'ಗೊತ್ತಮ್ಮ. ಅದಕ್ಕೇ ಅಲ್ವಾ ನನ್ನ ರೂಮಿನ ಒಳಗಿನ ಬೋಲ್ಟ್ ಕಿತ್ತು ಹಾಕಿದ್ದು. ಮನೆಯಲ್ಲೂ ನೀನು ಇನ್‌ಸ್ಪೆಕ್ಟರೇ.' ಪರೀಕ್ಷೆ ಮುಗಿಯುವ ತನಕ ಎಂದು ಕಿತ್ತ ಬೋಲ್ಟು ಪರೀಕ್ಷೆ ಮುಗಿದ ಮೇಲೂ ಅಡುಗೆಮನೆಯ ಡಬ್ಬಿಯಲ್ಲೇ ಉಳಿದಿತ್ತು. ಬಾಗಿಲಲ್ಲಿ ಉಳಿದ ಸ್ಕ್ರೂ ತೂತುಗಳಿಗೆ ಮಗಳು ಟೂತ್‌ಪೇಸ್ಟು ತುಂಬಿದ್ದಳು. ಅದನ್ನು ನೋಡಿದಾಗಲೆಲ್ಲ ಏನೋ ಹೇಳಬೇಕೆನ್ನಿಸಿ, ಪಾತ್ರೆ ತೊಳೆಯುವುದು, ನಾಳೆಯ ಬಟ್ಟೆ, ಆಫೀಸಿನ ಬಾಕಿ ವರದಿ ಎಲ್ಲ ನೆನಪಾಗಿ ಅವಳು ಸುಮ್ಮನಾಗುತ್ತಿದ್ದಳು.

ಅಣ್ಣನ ಲಿಫ್ಟನ್ನು ಅವಳು ನೋಡಿಯೇ ಇರಲಿಲ್ಲ. ಎಂದರೆ, ನೋಡಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಕಾಲುಗಳ ಬಲ ಮೆಲ್ಲಮೆಲ್ಲನೆ ಇಳಿದುಹೋಗುವ ಆ ಕಾಯಿಲೆ ಅಣ್ಣನನ್ನು ಕೋಲಿನಿಂದ ಊರೆಗೋಲಿಗೆ, ಊರೆಗೋಲಿನಿಂದ ಕುರ್ಚಿಗೆ ತಂದು ಕೂರಿಸಿದಾಗ, ಅವನು ಮುಚ್ಚಿಹೋದ ಯಾವುದೋ ಗೋದಾಮಿನಿಂದ ಸರಕು ಎತ್ತುವ ಯಂತ್ರ ತಂದು, ಇಬ್ಬರು ಆಳುಗಳನ್ನು ಜೊತೆಗಿಟ್ಟುಕೊಂಡು ಮೆಟ್ಟಿಲುಗಳ ನಡುವಿನ ಖಾಲಿ ಜಾಗದಲ್ಲಿ ಕಬ್ಬಿಣದ ಪಟ್ಟಿ ನಿಲ್ಲಿಸಿ, ಹಳೆಯ ಕ್ಷೌರದಂಗಡಿಯ ತಿರುಗುವ ಕುರ್ಚಿಯೊಂದನ್ನು ಒಳಗೆ ಬೋಲ್ಟು ಮಾಡಿ, ತನ್ನ ಲಿಫ್ಟು ತಾನೇ ಕಟ್ಟಿಕೊಂಡಿದ್ದ. ಅನುಮತಿ ಇಲ್ಲ, ಪರೀಕ್ಷೆ ಇಲ್ಲ. ಹಗ್ಗ ಕಡಿದರೆ ಹಿಡಿದು ನಿಲ್ಲಿಸುವ ಹಿಡಿತದ ಕೊಂಡಿಯೂ ಇಲ್ಲ. ಅವನನ್ನು ನೋಡಲು ಹೋದಾಗಲೆಲ್ಲ ಅವಳು ಮೆಟ್ಟಿಲು ಹತ್ತುತ್ತಿದ್ದಳು, ನೆಂಟರ ಮನೆಯ ಜಗಲಿಯಲ್ಲಿ ಕುಡಿದು ಬಿದ್ದವನನ್ನು ಕಾಣದಂತೆ ದಾಟಿಹೋಗುವವರ ಹಾಗೆ. ಒಮ್ಮೆ ಲಾಡ್ಜೊಂದರ ಲಿಫ್ಟಿಗೆ ಬೀಗ ಹಾಕಿ ತಿರುಗಿದಾಗ ಅದರ ಮುದಿ ಮ್ಯಾನೇಜರು, 'ಮೇಡಂ, ನಿಮ್ಮ ಕಡೆಯವರದ್ದೆಲ್ಲ ಸರಿಯಾಗಿದೆಯಲ್ಲ?' ಎಂದು ಕೇಳಿದ್ದ. ಏನೂ ಗೊತ್ತಿಲ್ಲದೆ, ಉರಿಯುವ ಹೊಟ್ಟೆಗೆ ತೋಚಿದ್ದನ್ನು ಅಂದಿದ್ದ ಅಷ್ಟೆ. ಆದರೆ ಅವಳ ಕಿವಿಯ ತುದಿಯವರೆಗೂ ಬಿಸಿಯೇರಿತ್ತು, ಆ ಇಡೀ ದಿನ ಅವಳು ಯಾರ ಮುಖವನ್ನೂ ನೇರ ನೋಡಿರಲಿಲ್ಲ.

ವಿಚಿತ್ರವೆಂದರೆ ಅಣ್ಣ ತಂಗಿಯರು ನಂಬಿದ್ದು ಬಹುಪಾಲು ಒಂದನ್ನೇ. ಯಾರು ಯಾವ ದೇವರಿಗೆ ಕೈಮುಗಿಯಬೇಕು ಅಥವಾ ಮುಗಿಯಬಾರದು, ಯಾರನ್ನು ಕಟ್ಟಿಕೊಳ್ಳಬೇಕು, ಏನು ಓದಬೇಕು, ಆಳುವವರನ್ನು ಎಷ್ಟು ಜೋರಾಗಿ ಬೈಯಬೇಕು, ಇದರಲ್ಲೆಲ್ಲ ಇನ್ನೊಬ್ಬರಿಗೇನು ಕೆಲಸ ಎಂಬಲ್ಲಿ ಇಬ್ಬರದೂ ಒಂದೇ ದನಿ. ಆಗಿನ್ನೂ ಅಣ್ಣನ ಕಾಲಲ್ಲಿ ಬಲವಿತ್ತು. ಬೀದಿಯ ಕೊನೆಯ ಪತ್ರಿಕೆಯಂಗಡಿಗೆ ಪೊಲೀಸರು ಬಂದು ಯಾವುದೋ ವಾರಪತ್ರಿಕೆಯ ಕಟ್ಟುಗಳನ್ನು ಎತ್ತಿ ಜೀಪಿಗೆ ಹಾಕುವಾಗ ಇಬ್ಬರೂ ಜೀಪಿನ ಮುಂದೆ ಅಕ್ಕಪಕ್ಕ ಕೂತುಬಿಟ್ಟಿದ್ದರು. ಇಬ್ಬರನ್ನೂ ಠಾಣೆಯ ಒಂದೇ ಬೆಂಚಿನ ಮೇಲೆ ಸಂಜೆಯ ತನಕ ಕೂರಿಸಿದ್ದರು. ಆ ಬೆಂಚಿನ ಮೇಲೆಯೇ ಅಲ್ಲವೇ ಮೊದಲ ಜಗಳ ಶುರುವಾದದ್ದು? ಹಸಿದಿದ್ದರು. ಪೇದೆಯೊಬ್ಬ ಎರಡು ಬನ್ನು ತಂದುಕೊಟ್ಟಿದ್ದ. ಇವಳು ತಿಂದಳು. ಅಣ್ಣ ಮುಟ್ಟಲಿಲ್ಲ. 'ಕೂಡಿಹಾಕೋ ಕೈಯೇ ತಿನ್ನಿಸೋಕೂ ಬರುತ್ತೆ. ಇವತ್ತು ಬನ್ನು ಇಸ್ಕೊಂಡ್ರೆ ನಾಳೆ ಅದು ಹೇಳಿದ ಕಡೆ ಕೂರಬೇಕಾಗುತ್ತೆ' ಎಂದ. 'ಹೊಟ್ಟೆಗಿಲ್ಲದೋನು ಯಾವ ಜೀಪಿನ ಮುಂದೆ ಕೂರ್ತಾನೆ? ಮೊದಲು ಬನ್ನು, ಆಮೇಲೆ ನಿನ್ನ ಸ್ವಾತಂತ್ರ್ಯ' ಎಂದಿದ್ದಳು ಇವಳು, ಬಾಯಿ ತುಂಬ ಬನ್ನು ಇಟ್ಟುಕೊಂಡು. ಅಲ್ಲಿಂದ ಮುಂದೆ ಆಸ್ಪತ್ರೆ, ಶಾಲೆ, ತೆರಿಗೆ, ಸರತಿಯ ಸಾಲು, ಎಲ್ಲ ಆ ಬನ್ನೇ. ಅವಳನ್ನು ಅವನು ಉದಾರವಾದಿಗಳು ಎಂದು ಬಹುವಚನದಲ್ಲಿ ಕರೆದು, 'ಬೇರೆಯವರ ಕಿಸೆಗೆ ಕೈ ಹಾಕಿ ಧಾರಾಳ ತೋರಿಸೋರು' ಎಂದು ಛೇಡಿಸುವನು. ನೆಲಮಹಡಿಯ ಮನೆ ಕೊಡಿಸಲು ಅವಳು ಕಚೇರಿಯಿಂದ ಕಚೇರಿಗೆ ಅಲೆದು ಸರ್ಕಾರದ ಪಟ್ಟಿಗೆ ಅವನ ಹೆಸರು ಸೇರಿಸಿದಾಗ, 'ಕೇಳದೆ ನನ್ನ ಹೆಸರು ಕೊಟ್ಟಿದ್ದು ಯಾರು? ತೆಗೆಸು' ಎಂದು ಮೂರು ತಿಂಗಳು ಮಾತು ಬಿಟ್ಟಿದ್ದ. ಒಮ್ಮೆ, ಒಮ್ಮೆ ಮಾತ್ರ, ಸೋತ ಸಿಟ್ಟಿನಲ್ಲಿ ಅವಳು, 'ಮೆಟ್ಟಿಲು ಇಳಿಯೋಕಾಗದೋನಿಗೆ ಎಂಥ ಸ್ವಾತಂತ್ರ್ಯ ಅಣ್ಣ?' ಎಂದುಬಿಟ್ಟಿದ್ದಳು. ಲಿಫ್ಟಿನ ಕೆಲಸ ಶುರುವಾದದ್ದು ಅದಾದ ಮೇಲೆ. ಇದೊಂದು ಲೆಕ್ಕವನ್ನು ಅವಳು ಯಾರ ಮುಂದೆಯೂ ಬಿಡಿಸಿರಲಿಲ್ಲ.

ಬಸ್ಸಿಳಿದು ಬೀದಿಗೆ ತಿರುಗಿದರೆ ಅದೇ ಕಟ್ಟಡ. ಕೆಳಗೂ ಮೊದಲ ಮಹಡಿಯಲ್ಲೂ ಯಾರಿಗೋ ಮಾರಿದ ಕಾಗದದ ಗೋದಾಮು, ಎರಡನೆಯದರಲ್ಲಿ ಬಾಡಿಗೆಗಿದ್ದ ಟೈಲರಮ್ಮ, ಮೂರನೆಯದರಲ್ಲಿ ಅಣ್ಣನ ಮನೆಯೂ ಹೊಲಿಗೆ ಮಷೀನು ರಿಪೇರಿಯ ಕೆಲಸವೂ. ಅವಳನ್ನು ಕೂಡಿಹಾಕಿದ್ದ ಕೋಣೆಯಲ್ಲಿ ಈಗ ಅವನ ಕೆಲಸದ ಮೇಜಿದೆ. ಲಿಫ್ಟು ಕೆಳಗೇ ನಿಂತಿತ್ತು. ಕ್ಷೌರದ ಕುರ್ಚಿಯಲ್ಲಿ ಅಣ್ಣ, ಎದುರಿನ ಅಂಗಡಿಯಿಂದ ತರಿಸಿದ ಚಹಾದ ಲೋಟ ಹಿಡಿದು, ಸಿಂಹಾಸನದಲ್ಲಿ ಕೂತವನಂತೆ ಕೂತಿದ್ದ. ಪಕ್ಕದಲ್ಲಿ ಬಟ್ಟೆಯ ಮೂಟೆ ಇಳಿಸಿ ಟೈಲರಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

'ಓಹೋ, ಸರ್ಕಾರ ಬಂತು' ಎಂದ ಅಣ್ಣ, ಬ್ಯಾಗನ್ನು ನೋಡಿ. ಆಮೇಲೆ ಮುಖವನ್ನು ನೋಡಿ, 'ತಂಗಿ ಬರಲಿಲ್ವಾ ಜೊತೆಗೆ?' ಎಂದ.

'ನಿನ್ನೆ ಲಿಫ್ಟು ಜಾರಿತಂತೆ.'

'ಒಂದು ಗೇಣು. ನಿನ್ನ ಮಗಳು ಒಂದು ಮಾರು ಅಂದಿರ್ತಾಳೆ. ಅವಳನ್ನ ಇನ್ನು ಹತ್ತಿಸಲ್ಲ, ಅದು ನನ್ನ ತಪ್ಪು, ಒಪ್ಪಿಕೊಂಡೆ. ಮಕ್ಕಳ ವಿಷಯ ಬೇರೆ. ದೊಡ್ಡವರ ವಿಷಯ ಬೇರೆ.'

'ಇವರು ದಿನಾ ಹತ್ತುತ್ತಾರೆ' ಎಂದು ಅವಳು ಟೈಲರಮ್ಮನ ಕಡೆ ಕೈ ಮಾಡಿದಳು.

'ಬೋರ್ಡು ಓದ್ಕೊಂಡು ಹತ್ತುತ್ತಾರೆ. ಗೊತ್ತಿದ್ದೂ ಒಪ್ಪಿ ಹತ್ತೋರನ್ನ ತಡೆಯೋಕೆ ನೀನ್ಯಾರು, ನಾನ್ಯಾರು?'

'ಒಪ್ಪಿಗೆ ಅಂತೆ! ಆ ಮಂಡಿ ಇಟ್ಕೊಂಡು, ಆ ಮೂಟೆ ಹೊತ್ಕೊಂಡು, ಅವರಿಗೆ ಬೇರೆ ದಾರಿ ಎಲ್ಲಿದೆ? ದಾರಿ ಇಲ್ಲದೋರ ಒಪ್ಪಿಗೇನ ಒಪ್ಪಿಗೆ ಅಂತ ಕರೆಯೋದು ನಿನ್ನಂಥೋರು ಮಾತ್ರ.'

'ನಿನ್ನಂಥೋರು ಏನ್ ಮಾಡ್ತೀರ? ಇರೋ ಒಂದು ದಾರೀನೂ ಮುಚ್ತೀರ.'

'ಅಯ್ಯೋ, ಸ್ವಲ್ಪ ನಿಲ್ಲಿಸ್ತೀರಾ ಇಬ್ರೂ' ಎಂದಳು ಟೈಲರಮ್ಮ. 'ಆಗಿಂದ ನನ್ನ ಮಂಡಿ, ನನ್ನ ಒಪ್ಪಿಗೆ ಅಂತ ಕಿತ್ತಾಡ್ತಿದ್ದೀರ. ನನ್ನನ್ನ ಒಬ್ರಾದ್ರೂ ಕೇಳಿದ್ರಾ? ನನಗೆ ಬೋರ್ಡೂ ಬೇಡ, ಬೀಗವೂ ಬೇಡ. ರಿಪೇರಿಯಣ್ಣ, ಊರವರ ಮಷೀನೆಲ್ಲ ರಿಪೇರಿ ಮಾಡ್ತೀರಲ್ಲ, ಈ ಹಗ್ಗ ಒಂದು ಬದಲಾಯಿಸೋಕೆ ಏನು ರೋಗ?' ಅಷ್ಟು ಹೇಳಿ, ಮೂಟೆಯನ್ನು ತಲೆಗೇರಿಸಿಕೊಂಡು, ಪ್ರತಿ ಮೆಟ್ಟಿಲಿಗೂ ಒಂದು ಉಸ್ಸೆನ್ನುತ್ತ ಅವಳು ಹತ್ತಿಹೋದಳು. ಆ ಉಸ್ಸು ಒಂದೊಂದೂ ಇಬ್ಬರ ಮೇಲೂ ಬಿತ್ತು.

ಅವಳು ಕೆಲವು ಮೆಟ್ಟಿಲು ಹತ್ತಿ ಬಾಗಿ, ಟಾರ್ಚು ಹಾಕಿ ಲಿಫ್ಟಿನ ತಗಡಿನ ನೆತ್ತಿಯನ್ನು ನೋಡಿದಳು. ಹಗ್ಗ ಇಳಿಯುವ ಕಡೆ ಸುತ್ತಲೂ ಕೆಂಪು ಪುಡಿ ಬಿದ್ದಿತ್ತು, ಇಟ್ಟಿಗೆ ಅರೆದು ಚೆಲ್ಲಿದ ಹಾಗೆ. ಬಿಳಿ ಬಟ್ಟೆಯಿಂದ ಹಗ್ಗ ಒರೆಸಿದಳು. ಚೆನ್ನಾಗಿರುವ ಉಕ್ಕಿನ ಹಗ್ಗ ಬಟ್ಟೆಗೆ ಕಪ್ಪು ಜಿಡ್ಡು ಹಚ್ಚುತ್ತದೆ. ಇದು ಕೆಂಪು ಹಚ್ಚಿತು. ಮೂಗಿಗೆ ಹಿಡಿದರೆ ಹೊಲಿಗೆ ಮಷೀನಿನ ಎಣ್ಣೆಯ ವಾಸನೆ, ತಿಳಿಯಾದ, ಸ್ವಚ್ಛವಾದ, ಅವಳ ಬಾಲ್ಯದ ವಾಸನೆ. ಎಲ್ಲ ಯಂತ್ರಕ್ಕೂ ಅಣ್ಣನ ಮದ್ದು ಅದೊಂದೇ. ಆ ತೆಳು ಎಣ್ಣೆ ಸೂಜಿಗೆ ಸರಿ, ಹಗ್ಗಕ್ಕಲ್ಲ. ಒಳಗಿನ ಎಳೆಗಳ ನಡುವೆ ಕೂತ ದಪ್ಪ ಜಿಡ್ಡನ್ನು ಅದು ತೊಳೆದು ಹಾಕುತ್ತದೆ, ಮೇಲೆ ಮಿಂಚುತ್ತ ಹಗ್ಗ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಮೂರನೆಯ ಮಹಡಿಯ ಕಿಂಡಿಯ ಬಳಿ ಕುರ್ಚಿಯಲ್ಲಿ ಕೂತು, ಉದ್ದ ಮೂತಿಯ ಎಣ್ಣೆ ಡಬ್ಬಿಯಿಂದ ಅವನು ಹಗ್ಗಕ್ಕೆ ತೊಟ್ಟು ತೊಟ್ಟಾಗಿ ಬಿಡುತ್ತಿದ್ದುದನ್ನು ಅವಳು ಎಷ್ಟು ಸಲ ಮೆಟ್ಟಿಲಿನಿಂದ ನೋಡಿಲ್ಲ? ಹೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಲಿಫ್ಟನ್ನು ನೋಡಿದ ಹಾಗಾಗುತ್ತದೆ, ನೋಡಿದರೆ ಇನ್‌ಸ್ಪೆಕ್ಟರಾಗಬೇಕಾಗುತ್ತದೆ. ಅವನ ಬದುಕು, ಅವನ ಇಷ್ಟ, ನಾನೇಕೆ ಮೂಗು ತೂರಿಸಲಿ ಎಂದುಕೊಂಡು ಹತ್ತಿಹೋಗಿದ್ದಳು. ಅವನ ಸಿದ್ಧಾಂತ ಅವಳಿಗೆ ಉಪಯೋಗಕ್ಕೆ ಬಂದದ್ದು ಆಗ ಮಾತ್ರ.

'ಅಣ್ಣ, ಇದು ಮುಗಿದುಹೋಗಿದೆ. ನಿಲ್ಲಿಸಬೇಕು.'

'ಹಗ್ಗ ತರಿಸ್ತೀನಿ. ಹೇಳಿದ್ದೀನಿ ಆಗಲೇ.'

'ಹಗ್ಗ ಬಂದ್ರೂ ನಾನು ಒಪ್ಪಿಗೆ ಕೊಡೋಕಾಗಲ್ಲ. ಹಿಡಿತದ ಕೊಂಡಿ ಇಲ್ಲ, ಕಟ್ಟಿದೋರಿಗೆ ಪರವಾನಗಿ ಇಲ್ಲ.'

'ನೋಡಿದ್ಯಾ? ಟೈಲರಮ್ಮಂಗೆ ಅರ್ಥವಾದದ್ದು ನಿಮ್ಮ ಇಲಾಖೆಗೆ ಅರ್ಥವಾಗಲ್ಲ.'

ಇಲಾಖೆಯಲ್ಲಿ ಹಗ್ಗ ಬದಲಾಯಿಸುವ ವಿಭಾಗವಿರಲಿಲ್ಲ, ಬೀಗ ಹಾಕುವ ವಿಭಾಗವಷ್ಟೇ ಇತ್ತು. 'ನಿಲ್ಲಿಸಿದಾಗ ನೀನು ಯಾವ ಮಹಡಿಯಲ್ಲಿ ಇರ್ತೀಯ?' ಎಂದು ಕೇಳಿದಳು. ಕೇಳಿದ ಮೇಲೆ ಆ ಪ್ರಶ್ನೆಯ ಅರ್ಥ ಅವಳಿಗೇ ತಡವಾಗಿ ಹೊಳೆಯಿತು. ಇಲ್ಲಿ ನಿಲ್ಲಿಸಿದರೆ ಅವನು ಮನೆಯ ಹೊರಗೆ. ಮೇಲೆ ನಿಲ್ಲಿಸಿದರೆ ಮನೆಯ ಒಳಗೆ.

ಅಣ್ಣ ಚಹಾದ ಕೊನೆಯ ಗುಟುಕು ಕುಡಿದು ಲೋಟವನ್ನು ಕಟ್ಟೆಯ ಮೇಲಿಟ್ಟ. 'ಮೇಲೆ' ಎಂದ. 'ಮೇಜು ಮೇಲಿದೆ, ಹಾಸಿಗೆ ಮೇಲಿದೆ. ಬರ್ತೀಯಾ, ಅಥವಾ ಮೆಟ್ಟಿಲಾ?'

ಕೆಂಪು ಪುಡಿ ಕಂಡ ಲಿಫ್ಟಿಗೆ ಬೆಕ್ಕನ್ನೂ ಹತ್ತಿಸಬಾರದು. ಅವಳು ಹತ್ತಿದಳು. ಅವನೊಬ್ಬನನ್ನೇ ಕಳಿಸಿ ಮೆಟ್ಟಿಲ ಮೇಲೆ ನಿಂತು ಕಿವಿಗೊಟ್ಟು ಕೇಳುವುದು ಆಗದ ಕೆಲಸವಾಗಿತ್ತು. ಇಬ್ಬರಿಗೆ ಜಾಗವಿಲ್ಲ. ಕುರ್ಚಿಯ ಕೈಗೆ ಸೊಂಟ ತಾಗಿಸಿ, ಅವನ ತಲೆಯ ಮೇಲೆ ಗಲ್ಲ ಬರುವಂತೆ ನಿಂತಳು. ನೆತ್ತಿಯಲ್ಲಿ ಕೂದಲು ತೆಳುವಾಗಿತ್ತು. ಪ್ಯಾಂಟಿನೊಳಗೆ ಕಾಲುಗಳು ಇಲ್ಲವೇನೋ ಎಂಬಷ್ಟು ಸಣ್ಣಗಾಗಿದ್ದವು. ಅವನು ಗುಂಡಿ ಒತ್ತಿದ. ಮೊದಲ ಮಹಡಿ ದಾಟಿತು. ಎರಡನೆಯದರಲ್ಲಿ ಟೈಲರಮ್ಮನ ಬಾಗಿಲು ತೆರೆದಿತ್ತು, ಅವಳು ಮೂಟೆಯ ಮೇಲೆಯೇ ಕೂತು ಮಂಡಿ ತಿಕ್ಕುತ್ತಿದ್ದಳು. ಅದಾದ ಮೇಲೆ ಮೇಲೆಲ್ಲೋ ಟಕ್ ಎಂದಿತು, ಬಳೆಯೊಂದು ಒಡೆದ ಹಾಗೆ. ಅವಳ ಕೈ ತನಗೆ ತಾನೇ ಅಣ್ಣನ ಭುಜ ಹಿಡಿಯಿತು. 'ಒಂದು ಎಳೆ' ಎಂದ ಅವನು ಮೆಲ್ಲಗೆ. ಅವನಿಗೂ ಗೊತ್ತಿತ್ತು ಹಾಗಾದರೆ. ಎಳೆ ಕಡಿಯುವ ಸದ್ದನ್ನು ದಿನವೂ ಕೇಳುತ್ತ ಚಹಾ ಕುಡಿಯಲು ಇಳಿಯುತ್ತಿದ್ದ.

ಮೇಲೆ ತಲುಪಿ, ಅವನು ಕ್ಷೌರದ ಕುರ್ಚಿಯಿಂದ ಗಾಲಿಕುರ್ಚಿಗೆ ಕೈಬಲದಿಂದ ಹೊರಳಿಕೊಳ್ಳುವ ತನಕ ಅವಳು ಮುಖ ತಿರುಗಿಸಿ ನಿಂತಳು. ಸಹಾಯಕ್ಕೆ ಕೈ ನೀಡಿದರೆ ಅವನು ಕಚ್ಚುವಂತೆ ನೋಡುತ್ತಾನೆ. ಮೇಜಿನ ಮೇಲೆ ಹೊಟ್ಟೆ ಬಿಚ್ಚಿದ ಮಷೀನೊಂದು ಮಲಗಿತ್ತು. ಕಿಟಕಿಯ ಕೆಳಗೆ ಚಹಾದಂಗಡಿ, ಅಲ್ಲಿ ಇವನ ಜೊತೆ ಸಂಜೆ ವಾದಕ್ಕಿಳಿಯುವ ಮುದುಕರ ಖಾಲಿ ಬೆಂಚು.

'ಒಂದು ಮಾತು ಹೇಳ್ತೀನಿ ಕೇಳು' ಎಂದ ಅಣ್ಣ. 'ಕೆಳಗಿನ ಬಾಗಿಲಿಗೆ ನಾನೇ ಬೀಗ ಹಾಕ್ತೀನಿ. ಟೈಲರಮ್ಮ ಇಲ್ಲ, ನಿನ್ನ ಮಗಳು ಇಲ್ಲ, ಯಾರೂ ಇಲ್ಲ. ನಾನೊಬ್ಬನೇ. ಬಿದ್ರೆ ನನ್ನ ಕತ್ತು. ಈಗ ಹೇಳು, ನಿನ್ನ ತಕರಾರು ಏನು?'

ಅವಳು ಹುಡುಕಿದಳು. ಅವಳು ನಂಬಿದ್ದರಲ್ಲಿಯೂ ಇದಕ್ಕೆ ಜಾಗವಿತ್ತು. ಇನ್ನೊಬ್ಬರಿಗೆ ಏಟಾಗದ ತನಕ ಮನುಷ್ಯನನ್ನು ಅವನ ಪಾಡಿಗೆ ಬಿಡಬೇಕು ಎಂದು ಅವಳೇ ಎಷ್ಟು ಸಲ ಹೇಳಿಲ್ಲ. 'ಹಗ್ಗ ಬರೋ ತನಕ ನಿಲ್ಲಿಸಣ್ಣ. ಇನ್‌ಸ್ಪೆಕ್ಟರಾಗಿ ಅಲ್ಲ, ತಂಗಿಯಾಗಿ ಕೇಳ್ತಿದ್ದೀನಿ.'

'ಬ್ಯಾಗಲ್ಲಿ ಬೀಗ ಇಟ್ಕೊಂಡು ಕೇಳೋದನ್ನ ಕೇಳೋದು ಅಂತಾರಾ?'

ಅವಳು ಬ್ಯಾಗನ್ನು ಹೆಗಲಿನಿಂದ ಇಳಿಸಿ, ಹೊಸ್ತಿಲಾಚೆ ಇಟ್ಟು ಬಂದು, 'ಈಗ ಕೇಳ್ತಿದ್ದೀನಿ' ಎಂದಳು.

ಅಣ್ಣ ಬ್ಯಾಗನ್ನು ನೋಡಿದ, ಅವಳನ್ನು ನೋಡಿದ. ಅವನ ಮುಖದಲ್ಲಿ ಕನಿಕರದಂಥದೇನೋ ಸುಳಿಯಿತು. 'ಆಚೆ ಇಟ್ರೂ ಅದು ಇದೆಯಲ್ಲ ಇಲಿ' ಎಂದ. 'ನಾನು ಇಲ್ಲ ಅಂದ್ರೆ ಎದ್ದು ಹೋಗಿ ತಗೊಳ್ತೀಯ. ಇಲ್ಲ ಅನ್ನೋಕೆ ಅವಕಾಶ ಇದ್ರೆ ತಾನೇ ಹೂಂ ಅನ್ನೋಕೂ ಅರ್ಥ? ಹಾಗಾಗಿ, ಇಲ್ಲ.'

ತಾರಸಿಗೆ ಹೋಗಲು ಗೋಡೆಗೆ ನೆಟ್ಟಗೆ ಬಡಿದ ಕಬ್ಬಿಣದ ಏಣಿ. ಮೋಟರಿನ ಗೂಡು ಮೇಲಿತ್ತು. ಅಣ್ಣ ಆ ಏಣಿ ಹತ್ತಿ ವರ್ಷಗಳಾಗಿದ್ದವು, ಇನ್ನು ಹತ್ತುವುದೂ ಇಲ್ಲ. ಅವಳು ಬ್ಯಾಗು ಎತ್ತಿಕೊಂಡು ಹತ್ತಿದಳು. ಗೂಡಿನಲ್ಲಿ ಪಾರಿವಾಳಗಳ ಹಿಕ್ಕೆ, ಕಾದ ತಗಡಿನ ಬಿಸಿ. ಉರುಳೆಯ ಮೇಲೆ ಸುತ್ತಿದ ಹಗ್ಗದಲ್ಲಿ ಕಡಿದ ಎಳೆಗಳು ಮುಳ್ಳಿನಂತೆ ಎದ್ದು ನಿಂತಿದ್ದವು, ಒಂದು ಕಡೆಯಂತೂ ಅರ್ಧವೂ ಉಳಿದಿರಲಿಲ್ಲ. ಇದೇ ಹಗ್ಗ ಅವಳ ಮಗಳನ್ನು ನಿನ್ನೆ ಹಿಡಿದಿತ್ತು. ಕಾನೂನು ಹೇಳುತ್ತದೆ ಎಂದು ಬೀಗ ಹಾಕಬಹುದು, ಟೈಲರಮ್ಮನಿಗಾಗಿ ಹಾಕಬಹುದು. ನಾಳೆ ಏನಾದರೂ ಆದರೆ ಇನ್‌ಸ್ಪೆಕ್ಟರಿನ ಅಣ್ಣನಂತೆ ಎಂದು ಜನ ಬೆರಳು ತೋರಿಸುವ ಭಯಕ್ಕೆ ಹಾಕಬಹುದು. ಯಾವುದಕ್ಕೆ ಹಾಕುತ್ತಿದ್ದೇನೆಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ. ಕೈ ಮಾತ್ರ ರೂಢಿಯಂತೆ ಸ್ವಿಚ್ಚು ಇಳಿಸಿತು, ಗೂಡಿನ ಬಾಗಿಲೆಳೆಯಿತು, ಚಿಲಕ ಜಾರಿಸಿತು. ಬೀಗ ಒತ್ತಿದಾಗ ಬಂದ ಸದ್ದು ಒಳಗಿದ್ದವರಿಗೆ ಹೇಗೆ ಕೇಳುತ್ತದೆಂದು ಅವಳಿಗೆ ಗೊತ್ತಿತ್ತು.

ಇಳಿದು ಬಂದಾಗ ಅವನು ಮೇಜಿನ ಮುಂದೆ, ಮಷೀನಿನ ಹೊಟ್ಟೆಗೆ ಎಣ್ಣೆ ಬಿಡುತ್ತಿದ್ದ.

'ಹಾಕಿದ್ಯಾ?'

'ಹಾಕಿದೆ. ದಿನಾ ಬರ್ತೀನಣ್ಣ. ಬೇಕಾದ್ದು ತಂದುಕೊಡ್ತೀನಿ. ಹೊತ್ತು ಇಳಿಸೋ ಜನಾನ ಕೇಳ್ತೀನಿ. ನಿನ್ನ ಒಳ್ಳೇದಕ್ಕೇ...' ಅವಳ ಬಾಯಿ ಅಲ್ಲಿಗೆ ನಿಂತಿತು. ಅಪ್ಪನ ದನಿ ಇಷ್ಟು ವರ್ಷ ಗಂಟಲಲ್ಲಿ ಎಲ್ಲಿ ಅಡಗಿತ್ತೋ.

ಅಣ್ಣ ತಲೆಯೆತ್ತಲಿಲ್ಲ. ಅವಳ ಕೈಯಲ್ಲಿನ್ನೂ ಮುದುಡಿಕೊಂಡಿದ್ದ ಕೆಂಪು ಬಟ್ಟೆಯನ್ನು ಓರೆಗಣ್ಣಿಂದ ನೋಡಿದ. 'ಯಾಕೆ ಹಾಗಾಯ್ತು ಹಗ್ಗ? ತಿಂಗಳಿಗೊಂದ್ಸಲ ಎಣ್ಣೆ ಬಿಡ್ತಿದ್ದೆನಲ್ಲ.'

'ಈ ಎಣ್ಣೆ ಹಗ್ಗಕ್ಕೆ ಆಗಲ್ಲ. ಒಳಗಿನ ಜಿಡ್ಡು ತೊಳೆದುಬಿಡುತ್ತೆ.'

ತೊಟ್ಟಿಕ್ಕುತ್ತಿದ್ದ ಡಬ್ಬಿ ನಿಂತಿತು. 'ನಾನು ಬಿಡ್ತಿದ್ದದ್ದು ನಿನಗೆ ಗೊತ್ತಿತ್ತಾ?'

ಅವಳು ಬಟ್ಟೆಯನ್ನು ಇನ್ನಷ್ಟು ಮುದುಡಿ ಬ್ಯಾಗಿಗೆ ತುರುಕಿದಳು.

'ಕೂಡಿಹಾಕಬೇಡ ಅಂದಿದ್ದೆ ಕಣೇ' ಎಂದ ಅವನು. 'ಹೇಳಬೇಡ ಅಂದಿರಲಿಲ್ಲ.'

ಎರಡನೆಯ ಮಹಡಿಯಲ್ಲಿ ಟೈಲರಮ್ಮ ಬಾಗಿಲಿಗೆ ಬಂದು ಏನೋ ಕೇಳಿದಳು. ಇವಳು ನಿಲ್ಲದೆ ಇಳಿದಳು. ಕೆಳಗೆ ಕಟ್ಟೆಯ ಮೇಲೆ ಚಹಾದ ಖಾಲಿ ಲೋಟ ಹಾಗೇ ಇತ್ತು, ಅದನ್ನು ಎತ್ತಿ ಎದುರಿನ ಅಂಗಡಿಗೆ ಕೊಟ್ಟಳು. ಬೀಗದ ಕೈ ಬ್ಯಾಗಿನಲ್ಲಿ ಭದ್ರವಾಗಿತ್ತು. ಅವಳು ಅಣ್ಣನನ್ನು ಮೂರನೆಯ ಮಹಡಿಯಲ್ಲಿ, ಹೊರಗಿನಿಂದ, ಕೂಡಿಹಾಕಿದ್ದಳು.